ಆ ನಲವತ್ತು ಎಲ್ಲಿಂದ ಬಂತು? ಒಂದು ವೈವಾದ ಪ್ರಕರಣ ಅಧ್ಯಯನ

ಎಂಡಿ ಪರೀಕ್ಷೆಯ ರಿಸಲ್ಟ್ ಬಂದ ಮರುದಿನ, ಫೇಲಾದ ನಮ್ಮ ವಿದ್ಯಾರ್ಥಿನಿ ನನ್ನ ಕೋಣೆಗೆ ಬಂದಳು. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು, ಪೆನ್ನಿನ ಕ್ಯಾಪ್ ಬಿಚ್ಚಿದಳು, "ಸರ್, ನನಗೆ ಏನೇನು ಬರಲ್ಲ ಅಂತ ಹೇಳಿ, ಬರ್ಕೋತೀನಿ" ಅಂದಳು.

ನನಗೆ ಹೇಳೋಕೆ ಆಗಲಿಲ್ಲ. ವೈವಾ, ಅಂದ್ರೆ ಮೌಖಿಕ ಪರೀಕ್ಷೆಯ ಟೇಬಲ್ಲಿನ ಆಚೆ ಕೂತಿದ್ದವರಲ್ಲಿ ನಾನೂ ಒಬ್ಬ. ಅಂಕದ ಶೀಟಿನಲ್ಲಿ ನನ್ನ ಸಹಿಯೂ ಇದೆ. ನೂರಕ್ಕೆ ಇಳಿಸಿ ಹೇಳಿದರೆ ಆಕೆಗೆ ನಾವು ಕೊಟ್ಟಿದ್ದು ನಲವತ್ತು. ಆದರೆ ಆ ನಲವತ್ತರೊಳಗೆ ಏನಿದೆ, ಬಿಟ್ಟುಹೋದ ಅರವತ್ತರಲ್ಲಿ ಏನಿದೆ ಅಂತ ಕೇಳಿದರೆ ನನ್ನ ಹತ್ತಿರ ಇದ್ದ ಉತ್ತರ ಒಂದೇ: "ಯಾಕೋ ಅವತ್ತು ಸರಿ ಹೋಗಲಿಲ್ಲಮ್ಮ." ಅದನ್ನೇ ಹೇಳಿದೆ. ಆಕೆ ನೋಟ್‌ಬುಕ್ ಮುಚ್ಚಿಕೊಂಡು ಹೋದಳು. ನನಗೆ ಮಾತ್ರ ಅದು ಮುಚ್ಚಿ ಹೋಗಲಿಲ್ಲ. ಮುಂದಿನ ಆರು ತಿಂಗಳು ನಮ್ಮ ವಿಭಾಗದಲ್ಲಿ ನಡೆದದ್ದೆಲ್ಲ ಅಲ್ಲಿಂದ ಶುರುವಾಯ್ತು.

ವಿಜಯಪುರದ ಕಡೆಯ ಒಂದು ಕಾಲೇಜು, ಜನರಲ್ ಮೆಡಿಸಿನ್ ವಿಭಾಗ. ಕಾಲೇಜಿನ ಹೆಸರು ಬೇಡ, ಆಕೆಯ ಹೆಸರಂತೂ ಬೇಡವೇ ಬೇಡ, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ವಾರ್ಡಿನ ಪೇಷಂಟುಗಳು ಆಕೆಯನ್ನು "ಬಾಯಾರ" ಅಂತ ಕರೆಯುತ್ತಿದ್ದರು, ನಮ್ಮ ಕಡೆ ಹೆಣ್ಣುಮಕ್ಕಳನ್ನು ಗೌರವದಿಂದ ಕರೆಯೋ ಮಾತು. ಇಲ್ಲಿ ನಾನೂ ಹಾಗೇ ಕರೆಯುತ್ತೇನೆ.

ಈ ಪರೀಕ್ಷೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ಎಂಬಿಬಿಎಸ್ ಆದಮೇಲೆ ಎಂಡಿ ಮೂರು ವರ್ಷ. ಕೊನೆಯಲ್ಲಿ ನಾಲ್ಕು ಥಿಯರಿ ಪೇಪರ್, ಆಮೇಲೆ ಪ್ರಾಕ್ಟಿಕಲ್. ಪ್ರಾಕ್ಟಿಕಲ್ ಅಂದ್ರೆ ಪೇಷಂಟ್ ನೋಡಿ ಹೇಳೋ ಲಾಂಗ್ ಕೇಸ್, ಶಾರ್ಟ್ ಕೇಸ್, ಜೊತೆಗೆ ವೈವಾ. ನಾಲ್ವರು ಪರೀಕ್ಷಕರು, ಅದರಲ್ಲಿ ಇಬ್ಬರು ಹೊರಗಿನಿಂದ ಬಂದವರು. ಥಿಯರಿಯಲ್ಲಿ ಐವತ್ತು ಪರ್ಸೆಂಟ್ ಬೇರೆ, ವೈವಾ ಸೇರಿದ ಪ್ರಾಕ್ಟಿಕಲ್‌ನಲ್ಲಿ ಐವತ್ತು ಬೇರೆ, ಎರಡೂ ದಾಟಬೇಕು. ಬಾಯಾರಿಗೆ ಥಿಯರಿ ಪಾಸು. ಲಾಂಗ್ ಕೇಸ್ ಪರವಾಗಿಲ್ಲ. ಒಂದು ಶಾರ್ಟ್ ಕೇಸ್ ಕೈಕೊಟ್ಟಿತು, ವೈವಾ ಪೂರ್ತಿ ಮುಳುಗಿಸಿತು. ಕೂಡಿಸಿ ನೋಡಿದರೆ ಕೆಲವೇ ಅಂಕ ಕಮ್ಮಿ. ಅಷ್ಟಕ್ಕೆ ಆರು ತಿಂಗಳು ಹೋಯ್ತು.

ಪರೀಕ್ಷೆಗೆ ಮೂರು ತಿಂಗಳ ಮುಂಚಿನ ಒಂದು ರಾತ್ರಿ

ತಿಕೋಟಾ ಕಡೆಯ ದ್ರಾಕ್ಷಿ ತೋಟದ ಒಬ್ಬ ರೈತ. ಹೊಲಕ್ಕೆ ಹೊಡೆಯೋ ಎಣ್ಣೆ ಕುಡಿದು ಬಂದಿದ್ದ. ನಮ್ಮ ಕಡೆ "ಎಣ್ಣಿ ಕುಡದಾನ" ಅಂದ್ರೆ ಕೆಲವೊಮ್ಮೆ ಇದೇ ಅರ್ಥ, ಆರ್ಗನೋಫಾಸ್ಫರಸ್ ವಿಷ. ಮೊದಲ ಎರಡು ದಿನ ಈ ವಿಷಕ್ಕೆ ಕೊಡೋ ಅಟ್ರೋಪಿನ್ ಇಂಜೆಕ್ಷನ್ ಕೊಟ್ಟು ಕೊಟ್ಟು ಶ್ವಾಸಕೋಶ ತಿಳಿಯಾಗಿತ್ತು, ಬೆವರು ನಿಂತಿತ್ತು, ಡೋಸ್ ಇಳಿಸುತ್ತಾ ಬಂದಿದ್ದೆವು. ಮೂರನೇ ರಾತ್ರಿ ಎರಡು ಗಂಟೆ. ಎಲ್ಲರ ಲೆಕ್ಕದಲ್ಲೂ ಆತ ಪಾರಾದವನು. ಮಾನಿಟರ್‌ನಲ್ಲಿ ಆಕ್ಸಿಜನ್ 96.

ಬಾಯಾರು ರೌಂಡ್ಸ್‌ಗೆ ಹೋದಾಗ ಆತನ ಹೆಂಡತಿ "ನೀರ ಕುಡಿಸಿದ್ರ ಕೆಮ್ಮತಾರ್ರಿ" ಅಂದಳಂತೆ. ಬಾಯಾರು ಆತನಿಗೆ ದಿಂಬಿನಿಂದ ತಲೆ ಎತ್ತಲು ಹೇಳಿದಳು. "ಗೋಣು ಎತ್ತಾಕ ಆಗವಲ್ದ್ರಿ ಬಾಯಾರ" ಅಂದ. ಒಂದೇ ಉಸಿರಲ್ಲಿ ಎಣಿಸು ಅಂದಳು. ಒಂದು, ಎರಡು, ಮೂರು ಅಂತ ಹೋಗಿ ಒಂಬತ್ತಕ್ಕೆ ನಿಂತ. ಆರೋಗ್ಯವಂತ ಸರಾಗವಾಗಿ ಇಪ್ಪತ್ತೈದು, ಮೂವತ್ತು ಎಣಿಸುತ್ತಾನೆ. ಆಕೆ ಆ ಕ್ಷಣವೇ ಅನಸ್ತೇಶಿಯಾದವರನ್ನು ಎಬ್ಬಿಸಿದಳು. ರಕ್ತದ ಗ್ಯಾಸ್ ರಿಪೋರ್ಟ್ ಇನ್ನೂ ಅಷ್ಟೇನೂ ಕೆಟ್ಟಿರಲಿಲ್ಲ, ಆದರೂ ಕಾಯಲಿಲ್ಲ, ಟ್ಯೂಬ್ ಹಾಕಿಸಿ ವೆಂಟಿಲೇಟರ್‌ಗೆ ಹಾಕಿದಳು. ಎರಡು ವಾರ ಬಿಟ್ಟು ಆತ ನಡೆದುಕೊಂಡು ಮನೆಗೆ ಹೋದ.

ಇದಕ್ಕೆ ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಅಂತಾರೆ. ವಿಷ ಸೇವಿಸಿ ಒಂದರಿಂದ ನಾಲ್ಕು ದಿನದೊಳಗೆ, ಆರಂಭದ ಲಕ್ಷಣ ಎಲ್ಲ ಇಳಿದಮೇಲೆ, ಕುತ್ತಿಗೆ, ತೋಳು, ತೊಡೆ ಮತ್ತು ಉಸಿರಾಟದ ಸ್ನಾಯುಗಳು ಸೋಲುತ್ತವೆ. ಮೊದಲು ಬಿಟ್ಟುಕೊಡೋದು ಸಾಮಾನ್ಯವಾಗಿ ಕುತ್ತಿಗೆ. ಅದನ್ನು ನೋಡಬೇಕು ಅಂತ ಹೊಳೆಯಬೇಕು, ಅಷ್ಟೇ. ರಾತ್ರಿ ಎರಡಕ್ಕೆ ಎಲ್ಲರಿಗೂ ಹೊಳೆಯಲ್ಲ.

ಹನ್ನೆರಡು ನಿಮಿಷ

ಈಗ ಪರೀಕ್ಷೆಯ ದಿನಕ್ಕೆ ಬರೋಣ. ಆರು ಮಂದಿ ಅಭ್ಯರ್ಥಿಗಳು. ಬೆಳಿಗ್ಗೆ ಕೇಸುಗಳು ಎಳೆದು ಎಳೆದು ಮಧ್ಯಾಹ್ನ ಎರಡೂವರೆ ಆಯ್ತು. ಹೊರಗಿನಿಂದ ಬಂದ ಪರೀಕ್ಷಕರು ಸಂಜೆಯ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯಬೇಕಿತ್ತು, ಅದಕ್ಕೆ ಮುಂಚೆ ಗೋಲಗುಮ್ಮಟವನ್ನೂ ನೋಡಬೇಕಿತ್ತು. ಇದು ನಮ್ಮೂರಿನ ಪರೀಕ್ಷೆಗಳ ಒಂದು ಸ್ಥಾಯೀ ಸಮಸ್ಯೆ. ಊಟ ಮುಗಿಸಿ, ಜೋಳದ ರೊಟ್ಟಿ ಶೇಂಗಾ ಹಿಂಡಿಯ ಭಾರದಲ್ಲಿ, ವೈವಾಕ್ಕೆ ಕೂತೆವು. ಬಾಯಾರು ಐದನೆಯವಳು.

ನನ್ನ ಪಕ್ಕದಲ್ಲಿದ್ದವರು ದೊಡ್ಡ ಹೆಸರಿನವರು, ಒಳ್ಳೆಯವರೂ ಹೌದು. ಆಕೆಯನ್ನು ಕುಗ್ಗಿಸಬೇಕು ಅಂತ ಅವರಿಗೇನೂ ಇರಲಿಲ್ಲ. "ಆರ್ಗನೋಫಾಸ್ಫರಸ್ ವಿಷದ ಬಗ್ಗೆ ಹೇಳಮ್ಮ" ಅಂತ ಇಂಗ್ಲಿಷ್‌ನಲ್ಲಿ ಕೇಳಿದರು. ಸುಲಭದ ಪ್ರಶ್ನೆ ಕೊಟ್ಟೆ ಅಂತಲೇ ಅಂದುಕೊಂಡಿದ್ದರು. ನನಗೂ ಖುಷಿಯಾಯ್ತು, ಇದು ಆಕೆಯ ಅಂಗಳ ಅಲ್ವಾ.

ಆಕೆ ಶುರು ಮಾಡಿದ್ದು ಅಟ್ರೋಪಿನ್‌ನಿಂದ. ಡೋಸ್ ಎಷ್ಟು? "ಮೂರು ಆಂಪುಲ್ ಸರ್, ಐದು ನಿಮಿಷಕ್ಕೊಮ್ಮೆ ಡಬಲ್." ಅವರು ಹುಬ್ಬು ಏರಿಸಿದರು. "ಆಂಪುಲ್ ಅಲ್ಲ, ಡೋಸ್ ಕೇಳಿದೆ." ಒಂದು ಆಂಪುಲ್‌ನಲ್ಲಿ 0.6 ಮಿಲಿಗ್ರಾಂ ಇರುತ್ತೆ, ಮೂರಕ್ಕೆ 1.8. ವಾರ್ಡಿನಲ್ಲಿ ನಾವ್ಯಾರೂ ಮಿಲಿಗ್ರಾಂ ಭಾಷೆ ಆಡಲ್ಲ, ಆಂಪುಲ್ ಎಣಿಸುತ್ತೇವೆ. ಮೂರನೇ ಕ್ಲಾಸಿನ ಆ ಗುಣಾಕಾರ ಅಲ್ಲಿ ಕೂತಾಗ ಆಕೆಗೆ ಹೊಳೆಯಲಿಲ್ಲ. ಸುಮ್ಮನಾದಳು. ಆ ಮೌನವೇ ಮುಂದಿನದಕ್ಕೆಲ್ಲ ದಾರಿ ಮಾಡಿತು. ಅವರು ರಸಾಯನಶಾಸ್ತ್ರಕ್ಕೆ ಇಳಿದರು: ವಿಷ ಹಿಡಿದ ಕಿಣ್ವ ಯಾವಾಗ ಏಜ್ ಆಗುತ್ತೆ (ಅಂದ್ರೆ ಮತ್ತೆ ಬಿಡಿಸೋಕೆ ಆಗದ ಹಾಗಾಗುತ್ತೆ), ಡೈಮಿಥೈಲ್ ಜಾತಿಗೂ ಡೈಈಥೈಲ್ ಜಾತಿಗೂ ಏನು ವ್ಯತ್ಯಾಸ. ಒಳ್ಳೆಯ ಪ್ರಶ್ನೆಯೇ, ಪ್ರಾಲಿಡಾಕ್ಸಿಮ್ ಅನ್ನೋ ಇನ್ನೊಂದು ಔಷಧಿ ಯಾವ ಹೊತ್ತಿನ ಮೇಲೆ ಕೆಲಸ ಮಾಡಲ್ಲ ಅನ್ನೋದು ಇದರ ಮೇಲೇ ನಿಂತಿದೆ. ಆದರೆ ಆಕೆ ಆಗಲೇ ಕಂತಿದ್ದಳು. ಆಮೇಲೆ ಬಂದದ್ದು: "ಇಂಟರ್‌ಮೀಡಿಯೆಟ್ ಸಿಂಡ್ರೋಮನ್ನು ಮೊದಲು ವಿವರಿಸಿದವರು ಯಾರು?"

ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯೆದ್ದೆ, 1987. ಆಕೆಗೆ ಗೊತ್ತಿರಲಿಲ್ಲ. "ದಿನಾ ಈ ಕೇಸು ನೋಡೋ ಊರಿನವಳು ನೀನು, ಇಷ್ಟೂ ಗೊತ್ತಿಲ್ವಾ?" ಅಂದರು. ಆ ಸಿಂಡ್ರೋಮನ್ನು ರಾತ್ರಿ ಎರಡಕ್ಕೆ ಬರೀ ಕಣ್ಣಲ್ಲಿ ಹಿಡಿದವಳು ನನ್ನ ಎದುರಿಗೆ ಕೂತಿದ್ದಳು, ನಾನು ಬಾಯಿ ಬಿಡಲಿಲ್ಲ. ಯಾಕೆ ಅಂದ್ರೆ ನಾನು ಇಂಟರ್ನಲ್. ನಮ್ಮ ಹುಡುಗಿ ಅಂತ ಪಕ್ಷ ವಹಿಸಿದ ಹಾಗೆ ಕಾಣಬಾರದು ಅನ್ನೋ ಬಿಗುಮಾನ. ಅದರ ಬದಲು ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ವಾತಾವರಣ ತಿಳಿಯಾಗಲಿ ಅಂತ ವಿಷಯ ಬದಲಿಸಿ ಪೋರ್ಫೈರಿಯಾ ಕೇಳಿದೆ! ನನ್ನ ಸರ್ವೀಸಿನಲ್ಲಿ ನಾನೇ ಬೆರಳೆಣಿಕೆಯಷ್ಟು ನೋಡಿರೋ ಕಾಯಿಲೆ. ಆವತ್ತು ಯಾಕೆ ಅದೇ ಬಾಯಿಗೆ ಬಂತು ಅಂದ್ರೆ, ಹಿಂದಿನ ರಾತ್ರಿ ಓದಿದ್ದೆ. ಅಷ್ಟೇ ಕಾರಣ.

ಆಕೆ ಎದ್ದು ಹೋದಳು. ಬಾಗಿಲು ಮುಚ್ಚಿತು. "ಏನ್ ಕೊಡೋಣ?" ಅಂದರು. ನಾನು ಅವರ ಮುಖ ನೋಡಿದೆ. "ನಲವತ್ತು?" ಅಂದರು. "ಸರಿ ಸರ್" ಅಂದೆ.

ಈ ನಾಲ್ಕು ಸೆಕೆಂಡಿನ ಮಾತುಕತೆ ನೆನಪಿಟ್ಟುಕೊಳ್ಳಿ.

ಹಿಂದಕ್ಕೆ ಹೋಗಿ ನೋಡಿದ್ದು

ಬಾಯಾರು ನೋಟ್‌ಬುಕ್ ಮುಚ್ಚಿಕೊಂಡು ಹೋದ ಸಂಜೆ, ಆ ದಿನ ನಮ್ಮ ಟೇಬಲ್ಲಿನಲ್ಲಿ ಆರೂ ಮಂದಿಗೆ ಏನೇನು ಕೇಳಿದೆವು ಅಂತ ನೆನಪಿದ್ದಷ್ಟು ಬರೆದೆ. ಪರೀಕ್ಷೆ ಕೊಟ್ಟ ಹುಡುಗರನ್ನೂ ಕರೆದು ಕೇಳಿದೆ, ಅವರಿಗೆ ನನಗಿಂತ ಚೆನ್ನಾಗಿ ನೆನಪಿತ್ತು. ಇಂಥದ್ದು ಮರೆಯಲ್ಲ ಬಿಡಿ. ಪಟ್ಟಿ ನೋಡಿದರೆ ನಾಚಿಕೆಯಾಗುವ ಹಾಗಿತ್ತು. ಹೆಚ್ಚಿನವು ನೆನಪಿನ ಶಕ್ತಿಯ ಪ್ರಶ್ನೆಗಳು: ಹೆಸರು, ವರ್ಗೀಕರಣ, "ಐದು ಕಾರಣ ಹೇಳು". ಥಿಯರಿ ಪೇಪರಿನಲ್ಲಿ ಆಗಲೇ ಕೇಳಿ ಮುಗಿದದ್ದು. "ಹೀಗಾದರೆ ಏನ್ ಮಾಡ್ತೀಯ, ಯಾಕೆ?" ಅನ್ನೋ ಪ್ರಶ್ನೆ ಹುಡುಕಿ ಹುಡುಕಿ ಸಿಕ್ಕವು ಕೆಲವೇ. ಒಬ್ಬನಿಗೆ ಪೂರ್ತಿ ಹೃದಯ, ಇನ್ನೊಬ್ಬಳಿಗೆ ಪೂರ್ತಿ ವಿಷ, ಮತ್ತೊಬ್ಬನಿಗೆ ಅವನ ಥೀಸಿಸ್ಸೇ. ಆರು ಮಂದಿಗೆ ಆರು ಬೇರೆ ಪರೀಕ್ಷೆ ಮಾಡಿ, ಒಂದೇ ಅಳತೆಯಲ್ಲಿ ಅಂಕ ಹಾಕಿದ್ದೆವು.

ಇದು ನಮ್ಮೊಬ್ಬರ ರೋಗ ಅಲ್ಲ, ಹಳೇ ರೋಗ. ಅಮೆರಿಕದ ನ್ಯಾಷನಲ್ ಬೋರ್ಡ್ ಆಫ್ ಮೆಡಿಕಲ್ ಎಕ್ಸಾಮಿನರ್ಸ್ 1960ರ ದಶಕದ ಆರಂಭದಲ್ಲಿ ಮೂರು ವರ್ಷದ ಸುಮಾರು 10,000 ಮೌಖಿಕ ಪರೀಕ್ಷೆಗಳನ್ನು ತೆಗೆದು ನೋಡಿತು. ಒಬ್ಬನೇ ಅಭ್ಯರ್ಥಿಗೆ ಇಬ್ಬರು ಪರೀಕ್ಷಕರು ಬೇರೆ ಬೇರೆಯಾಗಿ ಕೊಟ್ಟ ಅಂಕಗಳ ಹೊಂದಾಣಿಕೆ 0.25ಕ್ಕಿಂತ ಕಮ್ಮಿ. ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0. ಅಂದ್ರೆ ಬಹುಪಾಲು ಅದೃಷ್ಟ. ಅವರು ಆ ಪರೀಕ್ಷೆಯನ್ನೇ ಕೈಬಿಟ್ಟರು. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ತಂಡ ಆಸ್ಕಿ ಪರೀಕ್ಷೆಯನ್ನು ಮುಂದಿಟ್ಟಿದ್ದೂ ಇದೇ ತಲೆನೋವಿಗೆ: ಎಲ್ಲರಿಗೂ ಅದೇ ಸ್ಟೇಷನ್‌ಗಳು, ಅದೇ ಸಮಯ, ಅದೇ ಅಳತೆ.

ಹಾಗಾದ್ರೆ ವೈವಾವನ್ನೇ ಎತ್ತಿ ಹಾಕೋಣ ಅಂತ ನಮ್ಮಲ್ಲಿ ಒಬ್ಬಿಬ್ಬರು ಅಂದರು. ನಾನು ಒಪ್ಪಲಿಲ್ಲ. ಕಾಗದ "ಆಮೇಲೆ?" ಅಂತ ಕೇಳಲ್ಲ. "ಆ ಔಷಧಿ ಸಿಗಲಿಲ್ಲ, ಈಗ?" ಅಂತ ಕೇಳಲ್ಲ. ಕಾಲ ಕೆಳಗಿನ ನೆಲ ಸ್ವಲ್ಪ ಜರುಗಿಸಿದಾಗ ಡಾಕ್ಟರ್ ಹೇಗೆ ನಿಲ್ಲುತ್ತಾನೆ ಅಂತ ನೋಡೋಕೆ ಎದುರುಬದುರು ಕೂತು ಮಾತಾಡೋದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಇನ್ನೊಂದು ಲೆಕ್ಕವೂ ನನ್ನ ಪರವಾಗಿತ್ತು. ವೈದ್ಯಕೀಯ ಶಿಕ್ಷಣದ ಸಂಶೋಧಕರಾದ ವ್ಯಾನ್ ಡರ್ ವ್ಲೂಟನ್ ಮತ್ತು ಶೂವರ್ತ್ 2005ರಲ್ಲಿ ಬೇರೆ ಬೇರೆ ಪರೀಕ್ಷೆಗಳ ವಿಶ್ವಾಸಾರ್ಹತೆಯನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಮೌಖಿಕ ಪರೀಕ್ಷೆ ಒಂದು ಗಂಟೆ ನಡೆದರೆ 0.50, ಎರಡು ಗಂಟೆಗೆ 0.69, ನಾಲ್ಕಕ್ಕೆ 0.82, ಎಂಟಕ್ಕೆ 0.90. ಆಸ್ಕಿಯೂ ಹೆಚ್ಚುಕಮ್ಮಿ ಇದೇ ದಾರಿಯಲ್ಲಿ ಏರುತ್ತದೆ. ಮಾತಿನ ಪರೀಕ್ಷೆ ಅನ್ನೋದೇ ದೋಷ ಅಲ್ಲ ಅಂತಾಯ್ತು. ಕಮ್ಮಿ ಹೊತ್ತು, ಕಮ್ಮಿ ವಿಷಯ, ಕಮ್ಮಿ ಪರೀಕ್ಷಕರು, ದೋಷ ಇರೋದು ಅಲ್ಲಿ. ಒಂದು ಗಂಟೆಗೇ 0.50 ಅಂದ್ರೆ ನಮ್ಮ ಹನ್ನೆರಡು ನಿಮಿಷಕ್ಕೆ ಎಷ್ಟು? ನಾನು ಲೆಕ್ಕ ಹಾಕೋಕೆ ಹೋಗಲಿಲ್ಲ.

ಕಾರ್ಡುಗಳು

ಯೂನಿವರ್ಸಿಟಿ ಪರೀಕ್ಷೆಯನ್ನು ಬದಲಿಸೋದು ನಮ್ಮ ಕೈಯಲ್ಲಿಲ್ಲ. ಅಭ್ಯಾಸಕ್ಕೆ ನಡೆಸೋ ಮಾಕ್ ವೈವಾ ನಮ್ಮ ಕೈಯಲ್ಲಿದೆ. ಎಚ್‌ಒಡಿ, ಅಂದ್ರೆ ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆ. ಅವರು ಹಳಬರು. "ವೈವಾ ಅಂದ್ರೆ ಒಂದು ಕಲೆನಪ್ಪಾ, ಅದಕ್ಕೆ ಚೆಕ್‌ಲಿಸ್ಟ್ ಹಾಕಿದ್ರೆ ಒಣ ಕಟ್ಟಿಗೆ ಆಗುತ್ತೆ" ಅಂದರು. ಆದರೂ ಬೇಡ ಅನ್ನಲಿಲ್ಲ.

ಮೂರು ಭಾನುವಾರ ಕೂತು ಪ್ರಶ್ನೆಗಳ ಕಾರ್ಡ್ ಬರೆದೆವು. ಪ್ರತಿ ಕಾರ್ಡಿನ ಮೇಲೆ ನಾಲ್ಕು ಸಾಲಿನ ಒಂದು ಕೇಸು, ಎಲ್ಲರಿಗೂ ಅದೇ ಮೊದಲ ಪ್ರಶ್ನೆ, ಆಮೇಲೆ ಮೂರು ನಾಲ್ಕು ಮೆಟ್ಟಿಲು. ಕೆಳಗೆ, ಯಾವ ಉತ್ತರ ಬಂದರೆ ಸಾಲದು, ಯಾವುದು ಬಂದರೆ ಸರಿ, ಯಾವುದು ಬಂದರೆ ಭೇಷ್ ಅಂತ ಮೊದಲೇ ಬರೆದಿಟ್ಟದ್ದು. ಕೆಂಪು ಇಂಕಿನಲ್ಲಿ ಒಂದು ಸಾಲು: ಇದು ತಪ್ಪಿದರೆ ಪೇಷಂಟಿಗೆ ಅಪಾಯ.

ಜಗಳ ಆಗಿದ್ದು "ಸರಿ" ಅಂದ್ರೆ ಎಷ್ಟು ಅನ್ನೋದಕ್ಕೆ. ಒಬ್ಬರಿಗೆ ಎಲ್ಲವೂ ಮುಖ್ಯ, ಇನ್ನೊಬ್ಬರಿಗೆ ಪಾಪ ಹುಡುಗರು. ಕೊನೆಗೆ ಒಬ್ಬ ಜೂನಿಯರ್ ಲೆಕ್ಚರರ್ ಒಂದು ಮಾತು ಹೇಳಿದ: "ಸರ್, ಇವರು ನಾಳೆ ಇಂಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ನೈಟ್ ಡ್ಯೂಟಿ ಮಾಡ್ತಾರೆ ಅಂತ ಇಟ್ಕೊಳ್ಳಿ. ಇದು ಗೊತ್ತಿಲ್ದೆ ಆ ರಾತ್ರಿ ಕಳೆಯುತ್ತಾ?" ಕಲ್ಪನೆ ಏನಲ್ಲ, ಪಿಜಿಗಳು, ಅಂದ್ರೆ ಎಂಡಿಯಂಥದ್ದು ಓದುವವರು, ಈಗ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಕೆಲಸ ಮಾಡಲೇಬೇಕು, ಡಿಸ್ಟ್ರಿಕ್ಟ್ ರೆಸಿಡೆನ್ಸಿ ಅಂತ. ಈ ಇಂಡಿ ಲೆಕ್ಕ ಹಿಡಿದು ಜರಡಿ ಆಡಿಸಿದರೆ ಅರ್ಧಕ್ಕರ್ಧ ಪ್ರಶ್ನೆ ಉದುರಿದವು. ಯಾರು ಮೊದಲು ವಿವರಿಸಿದರು ಅನ್ನೋದು ಉದುರಿತು. ನನ್ನ ಪೋರ್ಫೈರಿಯಾ ಉದುರಿತು. ಆಂಪುಲ್ ಪ್ರಶ್ನೆ ಮಾತ್ರ ಉಳಿಯಿತು, ಬೇರೆ ರೂಪದಲ್ಲಿ: "ನಿನ್ನ ಹತ್ತಿರ ಇಷ್ಟೇ ಆಂಪುಲ್ ಇವೆ, ರಾತ್ರಿ ಹೇಗೆ ಕಳೀತೀಯ?"

ಇನ್ನೊಂದು ನಿಯಮ. ಬ್ರಿಟನ್ನಿನಲ್ಲಿ ಡಾಕ್ಟರುಗಳು ಬರೆಯೋ ಎಂಆರ್‌ಸಿಪಿಯ ಪ್ರಾಕ್ಟಿಕಲ್ ಭಾಗವಾದ ಪೇಸಸ್ ಪರೀಕ್ಷೆ 2001ರಿಂದ ನಡೆಯುತ್ತಿದೆ. ಅಲ್ಲಿ ಪರೀಕ್ಷಕರು ಮುಂಚೆಯೇ ಕೂತು, ಈ ಕೇಸಿನಲ್ಲಿ ಏನು ಬರಬೇಕು ಅಂತ ಮಾತಾಡಿಕೊಳ್ಳುತ್ತಾರೆ, ಅಭ್ಯರ್ಥಿ ಬಂದು ಹೋದಮೇಲೆ ಮಾತಾಡದೆ ಅವರವರ ಅಂಕ ಅವರವರು ಹಾಕುತ್ತಾರೆ. ನಾವು ಮಾಡುತ್ತಿದ್ದುದು ಪೂರ್ತಿ ಉಲ್ಟಾ: ಮುಂಚೆ ಮಾತಿಲ್ಲ, ಆಮೇಲೆ "ಏನ್ ಕೊಡೋಣ?". ಅದನ್ನು ತಿರುಗಿಸಿದೆವು. ನಾಲ್ಕು ಟೇಬಲ್, ಒಂದೊಂದಕ್ಕೆ ಹದಿನೈದು ನಿಮಿಷ, ಒಂದೊಂದರಲ್ಲಿ ಇಬ್ಬರು, ಬೇರೆ ಬೇರೆ ಚೀಟಿ.

ಮೊದಲ ರೌಂಡ್ ನೀರಸ. ಎಚ್‌ಒಡಿ ಹೇಳಿದ್ದೇ ನಿಜವಾಯ್ತು. ಎಲ್ಲರೂ ಕಾರ್ಡ್ ನೋಡಿಕೊಂಡು, ಜನಗಣತಿಗೆ ಬಂದವರ ಹಾಗೆ ಪ್ರಶ್ನೆ ಓದುತ್ತಿದ್ದರು. ಹುಡುಗ ಒಂದು ಒಳ್ಳೆಯ ಮಾತು ಹೇಳಿದರೆ ಅದನ್ನು ಹಿಡಿದು ಮುಂದೆ ಹೋಗೋರಿಲ್ಲ, ಮುಂದಿನ ಸಾಲು. ಎರಡನೇ ಸಲ ಸಡಿಲ ಮಾಡಿದೆವು. ಮೊದಲ ಪ್ರಶ್ನೆ ಮತ್ತು ಕೆಂಪು ಸಾಲು ಬದಲಾಗಬಾರದು, ನಡುವೆ ಹೇಗಾದರೂ ಕೇಳಿ. ಆದರೆ ಸುಳಿವು ಕೊಟ್ಟರೆ ಎಷ್ಟನೇ ಸುಳಿವಿಗೆ ಉತ್ತರ ಬಂತು ಅಂತ ಬರೆಯಿರಿ. ಆಗ ಜೀವ ಬಂತು. ಎಚ್‌ಒಡಿಯೇ ಒಂದು ಟೇಬಲ್ಲಿನಲ್ಲಿ ಕೂತು ಎಲ್ಲರಿಗಿಂತ ಚೆನ್ನಾಗಿ ಕೇಳಿದರು.

ಬಾಯಾರ ಸರದಿ

ವಿಷದ ಕಾರ್ಡ್ ಆಕೆಗೆ ನೀರು ಕುಡಿದಷ್ಟು ಸಲೀಸು. ಅದು ಗೊತ್ತಿದ್ದದ್ದೇ. ನಮಗೆ ಗೊತ್ತಿಲ್ಲದ್ದು ಮುಂದಿನ ಟೇಬಲ್ಲಿನಲ್ಲಿ ಸಿಕ್ಕಿತು.

ಕೇಸು ಹೀಗಿತ್ತು. 68 ವರ್ಷದ ಅಜ್ಜಿ, ಬಿಪಿಗೆ ಥಯಾಝೈಡ್ ಮಾತ್ರೆ, ನಾಲ್ಕು ದಿನದಿಂದ ವಾಂತಿ, ಮಂಕು, ಈಗ ಫಿಟ್ಸ್. ಸೋಡಿಯಂ 112, ತೀರಾ ಕಮ್ಮಿ. ಬಾಯಾರು ತಡಮಾಡಲಿಲ್ಲ: ಉಸಿರಿನ ದಾರಿ, 3 ಪರ್ಸೆಂಟ್ ಸಲೈನ್ 100 ಎಂಎಲ್, ಬೇಕಾದರೆ ಇನ್ನೊಮ್ಮೆ, ಮಾತ್ರೆ ಬಂದ್. ಭೇಷ್. "ಸರಿ, ಫಿಟ್ಸ್ ನಿಂತವು. ರಾತ್ರಿ ಸಲೈನ್ ಹೋಗ್ತಾ ಇದೆ. ಬೆಳಗಿನ ಜಾವ ನಾಲ್ಕಕ್ಕೆ ನರ್ಸ್ ಬಂದು, ಅಜ್ಜಿ ತುಂಬಾ ಮೂತ್ರ ಮಾಡ್ತಿದಾರೆ ಡಾಕ್ಟ್ರೇ, ಚೀಲ ಎರಡು ಸಲ ಖಾಲಿ ಮಾಡಿದೆ ಅಂತಾಳೆ. ಏನಂತೀಯ?"

"ಒಳ್ಳೇದಲ್ವಾ ಸರ್, ಕಿಡ್ನಿ ಚೆನ್ನಾಗಿದೆ."

ಅದು ಕೆಂಪು ಸಾಲು. ಮಾತ್ರೆ ನಿಂತು, ಮೈಗೆ ನೀರು ಉಪ್ಪು ಸೇರಿದಮೇಲೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಎಡಿಎಚ್ ಹಾರ್ಮೋನ್ ಇಳಿದುಬಿಡುತ್ತದೆ. ಆಗ ಕಿಡ್ನಿ ತೆಳು ಮೂತ್ರವನ್ನು ಸುರಿಸುತ್ತೆ, ಸೋಡಿಯಂ ತಾನಾಗಿಯೇ ಸರ್ರನೆ ಏರುತ್ತೆ. ಇಂಥ ಪೇಷಂಟಿನಲ್ಲಿ 24 ಗಂಟೆಗೆ 8ರ ಆಸುಪಾಸಿನಲ್ಲೇ ಏರಿಕೆ ನಿಲ್ಲಿಸಬೇಕು. ಜಾಸ್ತಿ ಓಡಿದರೆ ಮೆದುಳಿನ ನರಗಳ ಕವಚವೇ ಹಾಳಾಗಬಹುದು, ಅದೂ ಕೆಲವು ದಿನ ಬಿಟ್ಟು, ಎಲ್ಲರೂ ಸಮಾಧಾನವಾಗಿ ಇರುವಾಗ. ಮೂತ್ರ ಜಾಸ್ತಿ ಆಯ್ತು ಅಂದ್ರೆ ಅದು ಎಚ್ಚರಿಕೆ ಗಂಟೆ, ತಕ್ಷಣ ಸೋಡಿಯಂ ಮತ್ತೆ ನೋಡಬೇಕು. ಆಕೆಗೆ ಮೂರನೇ ಸುಳಿವಿಗೂ ಬರಲಿಲ್ಲ.

ಉಳಿದ ಕಾರ್ಡುಗಳ ಚೀಟಿ ಜೋಡಿಸಿದಾಗ ಒಂದು ಗೆರೆ ಎದ್ದು ಕಂಡಿತು. ಸಕ್ಕರೆ ಕಾಯಿಲೆಯ ಕೀಟೋಆಸಿಡೋಸಿಸ್, ಮೊದಲ ಗಂಟೆ ಚೆನ್ನ, ಇನ್ಸುಲಿನ್ ಹೋಗುತ್ತಿರುವಾಗ ಆರನೇ ಗಂಟೆಯ ಪೊಟ್ಯಾಷಿಯಂ ಮರೆತಳು. ಹಾರ್ಟ್ ಫೇಲ್ಯೂರ್, ಮೊದಲ ಇಂಜೆಕ್ಷನ್ ಸರಿ, ಮೂರನೇ ದಿನದ ಕ್ರಿಯಾಟಿನಿನ್, ಅಂದ್ರೆ ಕಿಡ್ನಿಯ ಟೆಸ್ಟ್ ಬಗ್ಗೆ ಯೋಚನೆ ಇಲ್ಲ. ಬಾಯಾರಿಗೆ ಮೊದಲ ಹತ್ತು ನಿಮಿಷ ಬರುತ್ತೆ. ಮುಂದಿನ ಹನ್ನೆರಡು ಗಂಟೆ ಬರಲ್ಲ.

ಯಾಕೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಬೆಳಗಿನ ರೌಂಡ್ಸ್‌ನಲ್ಲಿ ನಾನೇ ಉತ್ತರವಾಗಿ ನಿಂತಿದ್ದೆ. ರಾತ್ರಿ ಪಿಜಿ ಪೇಷಂಟನ್ನು ಉಳಿಸುತ್ತಾಳೆ. ಬೆಳಿಗ್ಗೆ ಒಂಬತ್ತಕ್ಕೆ ನಾವು ಬಂದು, ಫೈಲ್ ತೆಗೆದು, ಇದು ನಿಲ್ಲಿಸಿ ಅದು ಕೊಡಿ, ಸಂಜೆ ಸೋಡಿಯಂ ಕಳಿಸಿ ಅಂತ ಹೇಳಿ ಹೋಗುತ್ತೇವೆ. ಆಕೆ ಬರೆದುಕೊಳ್ಳುತ್ತಾಳೆ. ಮೂರು ವರ್ಷದಲ್ಲಿ ಮುಂದಿನ ಹನ್ನೆರಡು ಗಂಟೆಯನ್ನು ತಾನೇ ನಿರ್ಧರಿಸೋ ಸಂದರ್ಭ ಆಕೆಗೆ ಬಂದೇ ಇರಲಿಲ್ಲ. ರಾತ್ರಿಯ ರೈತನಲ್ಲಿ ಅದು ಬಂತು, ಹಿಡಿದಳು. ಉಳಿದದ್ದು ನಾವು ಕಸಿದುಕೊಂಡಿದ್ದೆವು.

ಒಂದು ಮಾತು ಸ್ಪಷ್ಟ ಮಾಡಬೇಕು. ಆಕೆ ಫೇಲ್ ಆಗಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಆ ಅಜ್ಜಿಯ ಕಾರ್ಡ್ ನೋಡಿದಮೇಲೆ ನಲವತ್ತು ಸರಿಯಾದ ಅಂಕವೇ ಇದ್ದಿರಬಹುದು ಅನ್ನಿಸಿದ್ದೂ ಉಂಟು. ಆದರೆ ನಾವು ಅದನ್ನು ಕೊಟ್ಟಿದ್ದು ಆ ಕಾರಣಕ್ಕಲ್ಲ. ನಮ್ಮ ಹತ್ತಿರ ಕಾರಣವೇ ಇರಲಿಲ್ಲ. ಆಕೆ ನೋಟ್‌ಬುಕ್ ಹಿಡಿದು ಕೂತಾಗ ಹೇಳಬೇಕಾಗಿದ್ದುದು ಈ ಹನ್ನೆರಡು ಗಂಟೆಯ ಮಾತು. ಅದು ನಮಗೆ ಆರು ತಿಂಗಳ ಮುಂಚೆಯೇ ಸಿಗಬೇಕಿತ್ತು.

ಅವತ್ತಿನಿಂದ ಆಕೆಗೆ ಒಂದು ಕೆಲಸ ಕೊಟ್ಟೆ. ರೌಂಡ್ಸ್‌ಗೆ ನಾನು ಬರೋ ಮುಂಚೆ, ಪ್ರತಿ ಸೀರಿಯಸ್ ಪೇಷಂಟಿನ ಫೈಲ್‌ನಲ್ಲಿ ಎರಡು ಸಾಲು: ಇಂದು ರಾತ್ರಿಯೊಳಗೆ ಏನು ಕೆಡಬಹುದು, ಕೆಟ್ಟರೆ ಮೊದಲು ಏನು ಮಾಡ್ತೀನಿ. ನಾನು ಅದನ್ನು ಓದಿದಮೇಲೇ ಬಾಯಿ ತೆರೆಯೋದು. ಬಾಯಿ ಮುಚ್ಚಿಕೊಂಡು ನಿಲ್ಲೋದು ನನಗೇ ಜಾಸ್ತಿ ಕಷ್ಟವಾಯ್ತು.

ಇಂಗ್ಲಿಷಿನ ವಿಷಯ

ಇದನ್ನು ಬಿಟ್ಟರೆ ಕತೆ ಪೂರ್ತಿಯಾಗಲ್ಲ. ಒಂದು ಟೇಬಲ್ಲಿನಲ್ಲಿ ಬಾಯಾರಿಗೆ ಒಬ್ಬರು 45, ಇನ್ನೊಬ್ಬರು 65 ಹಾಕಿದ್ದರು. ಅದೇ ಹದಿನೈದು ನಿಮಿಷ, ಅದೇ ಉತ್ತರ. ಚೀಟಿ ಬೇರೆ ಬೇರೆ ಇದ್ದುದರಿಂದಲೇ ಇದು ಕಂಡದ್ದು, ಇಲ್ಲದಿದ್ದರೆ "ಐವತ್ತು ಕೊಡೋಣ" ಅಂತ ಮುಗಿದುಹೋಗುತ್ತಿತ್ತು. ಕೂತು ಮಾತಾಡಿದಾಗ 45 ಕೊಟ್ಟವರು ಪ್ರಾಮಾಣಿಕವಾಗಿ ಹೇಳಿದರು: "ತಡವರಿಸ್ತಾಳೆ, ಕಾನ್ಫಿಡೆನ್ಸ್ ಇಲ್ಲ ಅನ್ನಿಸ್ತು." ತಡವರಿಸಿದ್ದು ವಾಕ್ಯ ಕಟ್ಟೋಕೆ, ಯೋಚನೆಗಲ್ಲ. ಮುಂದಿನ ಕಾರ್ಡಿಗೆ ಕನ್ನಡದಲ್ಲೇ ಹೇಳು ಅಂದೆವು. ಅದೇ ಮನುಷ್ಯ 60 ಕೊಟ್ಟರು. ಒಂದು ಗುಣ ಚೆನ್ನಾಗಿ ಕಂಡರೆ ಉಳಿದವೂ ಚೆನ್ನಾಗೇ ಕಾಣೋದು, ಕೆಟ್ಟದಾಗಿ ಕಂಡರೆ ಎಲ್ಲವೂ ಕೆಟ್ಟದಾಗಿ ಕಾಣೋದು, ಇದಕ್ಕೆ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಲ್ಲೇ ಹೇಲೋ ಎಫೆಕ್ಟ್ ಅಂತ ಹೆಸರಿಟ್ಟಿದ್ದಾನೆ. ನೂರು ವರ್ಷ ಆಯ್ತು, ನಮ್ಮ ಟೇಬಲ್ಲಿಗೆ ಸುದ್ದಿ ಈಗ ಮುಟ್ಟಿತು.

ಇದರ ಇನ್ನೊಂದು ಮುಖವೂ ಕಂಡಿತು. ಪರೀಕ್ಷೆಯಲ್ಲಿ ನಮ್ಮಿಂದ 72 ತೆಗೆದುಕೊಂಡು ಪಾಸಾಗಿದ್ದ ಹುಡುಗ, ಈಗ ನಮ್ಮಲ್ಲೇ ಸೀನಿಯರ್ ರೆಸಿಡೆಂಟ್, ತಮಾಷೆಗೆ ಅಂತ ಒಂದು ಸುತ್ತು ಕೂತ. ಇಂಗ್ಲಿಷ್ ಅಂದ್ರೆ ರೇಷ್ಮೆ. ಕಟ್ಟುಹಾವು ಕಚ್ಚಿದ ಕೇಸು, ರೆಪ್ಪೆ ಜೋಲುತ್ತಿವೆ. ವಿಷದ ಪ್ರೋಟೀನುಗಳ ಮೇಲೆ ನಾಲ್ಕು ನಿಮಿಷ ಸುಂದರವಾಗಿ ಮಾತಾಡಿದ. "ಉಸಿರಾಟ ನೋಡ್ತೀನಿ" ಅನ್ನೋದು ಮೂರನೇ ಸುಳಿವಿಗೆ ಬಂತು. ಅವನೇ ನಕ್ಕು, ಆಮೇಲೆ ನಗು ನಿಲ್ಲಿಸಿ, ಆ ಕಾರ್ಡಿನ ಫೋಟೋ ತೆಗೆದುಕೊಂಡು ಹೋದ.

ನಿಜವಾದ ಪರೀಕ್ಷೆಯಲ್ಲಿ ಕನ್ನಡ ನಡೆಯಲ್ಲ, ಹೊರಗಿನವರು ಚೆನ್ನೈನವರೂ ಇರಬಹುದು, ಪುಣೆಯವರೂ ಇರಬಹುದು. ಹಾಗಾಗಿ ಬಾಯಾರಿಗೆ ಇಂಗ್ಲಿಷಿನ ಐದಾರು ವಾಕ್ಯದ ಅಚ್ಚು ಮಾಡಿಕೊಟ್ಟೆವು: ಮೊದಲು ಇದು ಮಾಡ್ತೀನಿ, ಯಾಕೆಂದರೆ ಹೀಗೆ, ಆಮೇಲೆ ಇದನ್ನು ಕಾಯ್ತೀನಿ. ಇದು ನ್ಯಾಯವೋ ಅಲ್ಲವೋ, ನನಗೆ ಇವತ್ತಿಗೂ ಪೂರ್ತಿ ಸಮಾಧಾನವಿಲ್ಲ.

ಆಮೇಲೆ

ಆರು ತಿಂಗಳ ಮೇಲೆ ಆಕೆ ಮತ್ತೆ ಕೂತಳು. ಬೇರೆ ಪರೀಕ್ಷಕರು, ಅದೇ ಹಳೇ ನಮೂನೆಯ ವೈವಾ. ಈ ಸಲ ನಾನು ಇರಲಿಲ್ಲ. 56 ಬಂತು, ಪಾಸು. ನಮ್ಮ ಕಾರ್ಡುಗಳಿಂದಲೇ ಪಾಸಾದಳು ಅಂತ ಹೇಳಲಾರೆ. ಆರು ತಿಂಗಳು ಜಾಸ್ತಿ ಓದಿದಳು, ಜಾಸ್ತಿ ಪೇಷಂಟ್ ನೋಡಿದಳು, ಪರೀಕ್ಷಕರೂ ಬೇರೆ. ಒಬ್ಬಳ ಕತೆಯಿಂದ ಅಷ್ಟು ದೊಡ್ಡ ಮಾತು ಆಡಬಾರದು. ಒಂದು ತಮಾಷೆ ಮಾತ್ರ ಆಯ್ತು. ಈ ಸಲವೂ ಯಾರೋ ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಮೊದಲು ವಿವರಿಸಿದವರು ಯಾರು ಅಂತ ಕೇಳಿದರಂತೆ. ಹಟಕ್ಕೆ ಬಾಯಿಪಾಠ ಮಾಡಿಟ್ಟಿದ್ದಳು, ಇಸವಿ ಸಮೇತ ಹೇಳಿದಳು. ಪರೀಕ್ಷಕರಿಗೆ ಭಾರೀ ಖುಷಿಯಾಯ್ತಂತೆ.

ಚೀಟಿ ಬೇರೆ ಬೇರೆ ಬರೆಯೋ ಪದ್ಧತಿ ನಮ್ಮ ಇಂಟರ್ನಲ್ ಪರೀಕ್ಷೆಗಳಲ್ಲಿ ಉಳಿದುಕೊಂಡಿದೆ. ಕಾರ್ಡುಗಳನ್ನು ಗಾಂಧಿ ಚೌಕದ ಹತ್ತಿರ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇನೆ. ಅಭ್ಯಾಸ ಮಾತ್ರ ಸುಲಭಕ್ಕೆ ಬಿಡಲ್ಲ. ಮೊನ್ನೆ ಒಬ್ಬ ಹುಡುಗ ಎದ್ದು ಹೋದ ತಕ್ಷಣ ಎಚ್‌ಒಡಿ ನನ್ನ ಕಡೆ ಬಗ್ಗಿ "ಏನ್ ಕೊಡೋಣ?" ಅಂದರು, ನಾನು ಚೀಟಿಯ ಮೇಲೆ ಕೈ ಅಡ್ಡ ಇಟ್ಟೆ, ಸ್ಕೂಲ್ ಹುಡುಗನ ಹಾಗೆ.

ಮುಂದಿನ ತಿಂಗಳು ಮತ್ತೆ ಯೂನಿವರ್ಸಿಟಿ ಪರೀಕ್ಷೆ. ಹೊರಗಿನವರ ಪಟ್ಟಿ ಬಂದಿದೆ. ಅದರಲ್ಲಿ ಒಬ್ಬರಿಗೆ ಫೋನ್ ಮಾಡಿ, ಹಿಂದಿನ ಸಂಜೆಯೇ ಬನ್ನಿ ಸರ್, ಅರ್ಧ ಗಂಟೆ ಕೂತು ಏನು ಕೇಳೋದು, ಎಷ್ಟಕ್ಕೆ ಪಾಸು ಅಂತ ಮಾತಾಡಿಕೊಳ್ಳೋಣ ಅಂದೆ. ನಕ್ಕರು. "ಅಲ್ರೀ, ಹಾಗಾದ್ರೆ ಗೋಲಗುಮ್ಮಟ ಯಾವಾಗ ನೋಡೋದು?"

ಪರೀಕ್ಷೆ ದಿನ ಬೆಳಿಗ್ಗೆ ಬೇಗ ಹೋಗೋಣ ಸರ್, ಆಗ ಗದ್ದಲ ಇರಲ್ಲ, ಪಿಸುಮಾತೂ ಕೇಳುತ್ತೆ, ನಾನೇ ಕರ್ಕೊಂಡು ಹೋಗ್ತೀನಿ ಅಂದೆ. ಬರ್ತೀನಿ ಅಂದಿದ್ದಾರೆ.